ಲೋಟದ ಕೊಳೆ ಎಲ್ಲಿಂದ ಬಂತು?

ಮದ್ದೂರು ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ವಡೆ. ಆ ಮದ್ದೂರು ಮಂಡ್ಯ ಜಿಲ್ಲೆಯದು. ನಾನು ಈಗ ಹೇಳಹೊರಟಿರುವುದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಇನ್ನೊಂದು ಮದ್ದೂರಿನ ವಿಷಯ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿರುವ ಊರು ಅದು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಕಾಡಿನೊಳಗೆ ವಾಹನ ಸಂಚಾರಕ್ಕೆ ತಡೆ ಇರುವುದರಿಂದ ಲಾರಿಯವರಿಗೆಲ್ಲ ಅಲ್ಲಿನ ಅರಣ್ಯ ತನಿಖಾ ಠಾಣೆಯ ಪರಿಚಯ ಚೆನ್ನಾಗಿಯೇ ಇರುತ್ತದೆ.

ಆ ಊರಿನಲ್ಲಿ ನನ್ನ ಚಿಕ್ಕಮ್ಮನ ಮಗಳ ಮನೆಯಿದೆ. ಒಂದು ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಜಗಲಿಯ ಮೇಲೆ ಒಂದು ಸಣ್ಣ ಜಾತ್ರೆಯೇ ನೆರೆದಿತ್ತು. ನೀರು ಶುದ್ಧಿಯ ಯಂತ್ರ ಮಾರುವ ಯುವಕನೊಬ್ಬ ಎರಡು ಗಾಜಿನ ಲೋಟ ಇಟ್ಟುಕೊಂಡು ಕೂತಿದ್ದ. ಒಂದರಲ್ಲಿ ಆ ಮನೆಯ ಕೊಳವೆಬಾವಿಯ ನೀರು. ಇನ್ನೊಂದರಲ್ಲಿ ತನ್ನ ಯಂತ್ರದಿಂದ ಸೋಸಿದ್ದೆಂದು ಸೀಸೆಯಲ್ಲಿ ತಂದಿದ್ದ ನೀರು. ಎರಡೂ ನೋಡಲು ಒಂದೇ ತರಹ ತಿಳಿಯಾಗಿದ್ದವು. ಕೈಯಲ್ಲಿದ್ದ ಪುಟ್ಟ ಡಬ್ಬಿಯಿಂದ ನಾಲ್ಕು ಲೋಹದ ಕಡ್ಡಿಗಳು ಕೆಳಗೆ ಚಾಚಿದ್ದವು. ಒಂದೊಂದು ಲೋಟಕ್ಕೆ ಎರಡೆರಡು ಕಡ್ಡಿ ಇಳಿಬಿಟ್ಟು ಸ್ವಿಚ್ ಹಾಕಿದ.

ಅರ್ಧ ನಿಮಿಷವೂ ಆಗಿರಲಿಲ್ಲ. ಕೊಳವೆಬಾವಿಯ ನೀರು ಹಸಿರುಹಸಿರಾಗಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಗಸಿಗಸಿಯಾಗಿ ಏನೋ ತೇಲತೊಡಗಿತು. ಪಕ್ಕದ ಲೋಟದ ನೀರು ಮಾತ್ರ ಮೊದಲಿನಂತೆಯೇ ತಿಳಿ!

‘ನೋಡಿ ಮೇಡಂ, ದಿನಾ ಮಕ್ಕಳಿಗೆ ಕುಡಿಸ್ತಾ ಇರೋದು ಇದನ್ನೇ’ ಎಂದ ಯುವಕ. ತಂಗಿಯ ಮುಖ ಸಣ್ಣಗಾಯಿತು. ಅವಳ ಅತ್ತೆ, ‘ಅಯ್ಯೋ ಶಿವನೇ, ನಾವು ಕಾಯ್ಸೇ ಕುಡಿಯೋದು ಕನಪ್ಪ’ ಎಂದರು. ಹತ್ತನೇ ತರಗತಿಯಲ್ಲಿ ಓದುವ ಮಗಳು ಮಾತ್ರ ಲೋಟದ ಹತ್ತಿರಕ್ಕೆ ಬಗ್ಗಿ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ‘ಮಾವ, ನೀರು ಇಷ್ಟು ಹೊತ್ತೂ ತಿಳಿಯಾಗೇ ಇತ್ತಲ್ಲ, ಈ ಕೊಳೆ ಎಲ್ಲಿಂದ ಬಂತು?’ ಎಂದು ಕೇಳಿದಳು.

ಪ್ರಶ್ನೆ ಎಂದರೆ ಇದು! ಅದಕ್ಕೆ ಉತ್ತರ ಅವಳ ಪಠ್ಯಪುಸ್ತಕದಲ್ಲೇ ಇತ್ತು, ‘ಅಯಾನುಗಳು’ ಎಂಬ ತಲೆಬರಹದ ಕೆಳಗೆ. ಪರೀಕ್ಷೆಗಾಗಿ ಉರುಹೊಡೆದ ಆ ಪಾಠ ಹೀಗೆ ಮನೆಯ ಜಗಲಿಗೆ ಬಂದು ಕೂರುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ.

ಲೆಕ್ಕ ತಪ್ಪಿದ ಪರಮಾಣು

ಮೊದಲು ಪರಮಾಣುವನ್ನು ನೋಡೋಣ. ನಡುವೆ ನ್ಯೂಕ್ಲಿಯಸ್. ಅದರಲ್ಲಿ ಧನ ವಿದ್ಯುದಾವೇಶದ ಪ್ರೋಟಾನ್‌ಗಳು, ಜೊತೆಗೆ ಆವೇಶವೇ ಇಲ್ಲದ ನ್ಯೂಟ್ರಾನ್‌ಗಳು. ಹೊರಗೆ ಋಣ ಆವೇಶದ ಎಲೆಕ್ಟ್ರಾನ್‌ಗಳು. ಒಂದು ಪ್ರೋಟಾನಿನ ಧನ ಆವೇಶ ಎಷ್ಟೋ ಒಂದು ಎಲೆಕ್ಟ್ರಾನಿನ ಋಣ ಆವೇಶವೂ ಅಷ್ಟೇ. ಕಬ್ಬಿಣದ ಪರಮಾಣುವಿನಲ್ಲಿ 26 ಪ್ರೋಟಾನ್, 26 ಎಲೆಕ್ಟ್ರಾನ್. ಜಮಾ-ಖರ್ಚು ಸರಿಹೋಗಿ ಒಟ್ಟು ಆವೇಶ ಸೊನ್ನೆ. ಕಬ್ಬಿಣದ ಬಾಣಲೆ ಮುಟ್ಟಿದರೆ ನಮಗೆ ಶಾಕ್ ಹೊಡೆಯದೇ ಇರುವುದು ಈ ಲೆಕ್ಕ ಸರಿಯಾಗಿರುವುದರಿಂದಲೇ.

ಈ ಲೆಕ್ಕ ತಪ್ಪಿದರೆ? ಕಬ್ಬಿಣದ ಪರಮಾಣುವಿನಿಂದ ಎರಡು ಎಲೆಕ್ಟ್ರಾನ್ ಹೊರಟುಹೋಯಿತೆನ್ನಿ. ಈಗ ಒಳಗೆ 26 ಧನ, ಹೊರಗೆ 24 ಋಣ. ಒಟ್ಟು ಎರಡು ಧನ ಆವೇಶ ಉಳಿಯಿತು. ಹೀಗೆ ಲೆಕ್ಕ ತಪ್ಪಿ ಆವೇಶ ಪಡೆದ ಪರಮಾಣುವೇ ಅಯಾನು. ಎಲೆಕ್ಟ್ರಾನ್ ಕಳೆದುಕೊಂಡರೆ ಧನ ಅಯಾನು, ಪಡೆದುಕೊಂಡರೆ ಋಣ ಅಯಾನು. ಒಂದೇ ಪರಮಾಣು ಆಗಬೇಕೆಂದೇನೂ ಇಲ್ಲ. ಒಟ್ಟಿಗೆ ಬೆಸೆದುಕೊಂಡ ಪರಮಾಣುಗಳ ಗುಂಪೂ ಅಯಾನು ಆಗಬಹುದು.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೋಗುವುದೂ ಬರುವುದೂ ಎಲೆಕ್ಟ್ರಾನ್ ಮಾತ್ರ. ಪ್ರೋಟಾನ್ ಅಲುಗುವುದಿಲ್ಲ. ‘ಧನ ಅಯಾನು’ ಎಂಬ ಹೆಸರು ಕೇಳಿ ಪರಮಾಣುವಿಗೆ ಪ್ರೋಟಾನ್ ಸೇರಿಕೊಂಡಿತೆಂದು ಎಷ್ಟೋ ಮಕ್ಕಳು ಬರೆಯುತ್ತಾರೆ. ಪ್ರೋಟಾನ್ ಒಂದು ಹೆಚ್ಚಿದರೆ ಅದು ಕಬ್ಬಿಣವಾಗಿಯೇ ಉಳಿಯುವುದಿಲ್ಲ. 27 ಪ್ರೋಟಾನ್ ಇರುವ ಕೋಬಾಲ್ಟ್ ಆಗಿಬಿಡುತ್ತದೆ. ಕಬ್ಬಿಣದ ಅಯಾನು ಎಂದಿಗೂ ಕಬ್ಬಿಣವೇ.

ಕಬ್ಬಿಣವೇ ನಿಜ, ಆದರೆ ಗುಣ ಪೂರ್ತಿ ಬೇರೆ. ಎಲೆಕ್ಟ್ರಾನಿನ ತೂಕ ಪ್ರೋಟಾನಿನ ತೂಕದ 1,836ರಲ್ಲಿ ಒಂದು ಭಾಗ. ಅಂಥ ಎರಡು ಕಣ ಹೋದರೆ ಪರಮಾಣುವಿನ ತೂಕದಲ್ಲಿ ವ್ಯತ್ಯಾಸವೇ ಕಾಣದು. ಆದರೂ ಮೊಳೆಯಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗುವುದಿಲ್ಲ, ಅಯಾನಾದ ಕಬ್ಬಿಣ ಕರಗುತ್ತದೆ. ರಕ್ತಹೀನತೆಗೆಂದು ಶಾಲೆಗಳಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿರುವುದು ಈ ಅಯಾನು ರೂಪದ ಕಬ್ಬಿಣ. ಮೊಳೆಯನ್ನು ನುಂಗಿ ಯಾರೂ ರಕ್ತಹೀನತೆ ವಾಸಿಮಾಡಿಕೊಳ್ಳುವುದಿಲ್ಲ!

ಯಾರೂ ಸುಮ್ಮನೆ ಕೊಡುವುದಿಲ್ಲ

ಪರಮಾಣು ತನ್ನ ಎಲೆಕ್ಟ್ರಾನನ್ನು ಏಕೆ ಬಿಟ್ಟುಕೊಡುತ್ತದೆ? ‘ಸೋಡಿಯಂ ಒಂದು ಎಲೆಕ್ಟ್ರಾನನ್ನು ದಾನಮಾಡುತ್ತದೆ, ಕ್ಲೋರಿನ್ ಸ್ವೀಕರಿಸುತ್ತದೆ’ ಎಂದು ಓದುತ್ತೇವೆ. ದಾನ ಎಂದರೆ ಸೋಡಿಯಂ ಏನೋ ಧರ್ಮಾತ್ಮ ಎಂಬ ಭಾವನೆ ಬರುತ್ತದೆ. ನಿಜವಾದ ಲೆಕ್ಕ ಬೇರೆ ಇದೆ.

ಸೋಡಿಯಂನ 11 ಎಲೆಕ್ಟ್ರಾನ್‌ಗಳು ಕವಚಗಳಲ್ಲಿ 2, 8, 1 ಎಂಬಂತೆ ಇವೆ. ಹೊರಗಿನ ಆ ಒಂಟಿ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ದೂರ. ನಡುವೆ ಒಳಗಿನ ಹತ್ತು ಎಲೆಕ್ಟ್ರಾನ್‌ಗಳ ಮರೆ ಬೇರೆ. ಹಾಗಾಗಿ ಅದರ ಹಿಡಿತ ಸಡಿಲ. ಸಡಿಲವಾದರೂ ಪುಕ್ಕಟೆಯಲ್ಲ. 23 ಗ್ರಾಂನಷ್ಟು ಬಿಡಿ ಸೋಡಿಯಂ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಖರ್ಚಾಗುತ್ತದೆ. ಅಷ್ಟೇ ಸಂಖ್ಯೆಯ ಕ್ಲೋರಿನ್ ಪರಮಾಣುಗಳು ಆ ಎಲೆಕ್ಟ್ರಾನ್‌ಗಳನ್ನು ಸೇರಿಸಿಕೊಂಡಾಗ ಸುಮಾರು 349 ಕಿಲೋಜೂಲ್ ಮರಳಿ ಬರುತ್ತದೆ. ಅಂದರೆ ವ್ಯಾಪಾರದಲ್ಲಿ 147 ಕಿಲೋಜೂಲ್ ನಷ್ಟ!

ಈ ನಷ್ಟ ತುಂಬಿಕೊಡುವವರು ಯಾರು? ಅಯಾನುಗಳ ನಡುವಿನ ಸೆಳೆತ. ಧನ ಸೋಡಿಯಂ ಅಯಾನೂ ಋಣ ಕ್ಲೋರೈಡ್ ಅಯಾನೂ ಒಂದನ್ನೊಂದು ಸೆಳೆದು, ಸಾಲುಸಾಲಾಗಿ ಜೋಡಿಸಿಕೊಂಡು ಉಪ್ಪಿನ ಹರಳಾದಾಗ ಸುಮಾರು 787 ಕಿಲೋಜೂಲ್ ಹೊರಬೀಳುತ್ತದೆ. ನಷ್ಟವೆಲ್ಲ ತೀರಿ ಲಾಭವೇ ಮಿಕ್ಕಿತು. ಸೋಡಿಯಂನಿಂದ ಎರಡನೆಯ ಎಲೆಕ್ಟ್ರಾನ್ ಕೀಳಹೋದರೆ ಮಾತ್ರ ಮೊದಲನೆಯದಕ್ಕಿಂತ ಒಂಬತ್ತು ಪಟ್ಟು ಶಕ್ತಿ ಬೇಕು, ಏಕೆಂದರೆ ಅದು ಒಳಗಿನ ಕವಚದ್ದು. ಆ ಸಾಲ ತೀರಿಸುವ ಸೆಳೆತ ಎಲ್ಲೂ ಸಿಗದು. ಹಾಗಾಗಿ ಸೋಡಿಯಂ ಅಯಾನಿನ ಆವೇಶ ಒಂದಕ್ಕೇ ನಿಲ್ಲುತ್ತದೆ.

ಎಲೆಕ್ಟ್ರಾನನ್ನು ಕಿತ್ತುಕೊಳ್ಳಲು ಬೇರೆ ದಾರಿಗಳೂ ಇವೆ. ಮುಂಗಾರಿಗೆ ಮುನ್ನ ಗುಡುಗು ಮಳೆಯಲ್ಲಿ ಮಿಂಚು ಹೊಡೆದಾಗ, ಅದರ ದಾರಿಯಲ್ಲಿರುವ ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳು ಸಿಡಿದುಹೋಗಿ ಗಾಳಿಯೇ ಕ್ಷಣಕಾಲ ತಂತಿಯಾಗುತ್ತದೆ. ಎಕ್ಸ್-ಕಿರಣಗಳೂ ಇದೇ ಕೆಲಸ ಮಾಡುತ್ತವೆ. ಬ್ಯಾಟರಿ ಅಥವಾ ವಿದ್ಯುತ್ ಸಂಪರ್ಕದಿಂದ ಲೋಹದ ಪರಮಾಣುವಿನ ಎಲೆಕ್ಟ್ರಾನನ್ನು ಸೆಳೆದು ಅದನ್ನು ಅಯಾನಾಗಿಸಬಹುದು. ಮದ್ದೂರಿನ ಜಗಲಿಯಲ್ಲಿ ನಡೆದದ್ದು ಇದೇ.

ಒಂದು ಚಿಟಿಕೆ ಉಪ್ಪು

ಆದರೆ ಒಂದು ಲೋಟದಲ್ಲಿ ನಡೆದದ್ದು ಇನ್ನೊಂದರಲ್ಲಿ ಏಕೆ ನಡೆಯಲಿಲ್ಲ?

‘ಅಯಾನು’ ಎಂಬ ಪದದ ಮೂಲ ಗ್ರೀಕ್ ಭಾಷೆ. ‘ಸಾಗುವುದು’ ಎಂದು ಅದರ ಅರ್ಥ. 1834ರಲ್ಲಿ ಈ ಹೆಸರನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ದ್ರಾವಣಕ್ಕೆ ವಿದ್ಯುತ್ ಹರಿಸಿದಾಗ ಏನೋ ಒಂದು ಕಡ್ಡಿಯತ್ತ, ಇನ್ನೇನೋ ಮತ್ತೊಂದು ಕಡ್ಡಿಯತ್ತ ಸಾಗುವುದನ್ನು ಅವನು ಕಂಡಿದ್ದ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ, ಜೆ. ಜೆ. ಥಾಮ್ಸನ್‌ನ ಪ್ರಯೋಗಗಳಿಂದ. ಸಾಗುವುದು ಯಾವುದು ಎಂದು ತಿಳಿಯುವ ಮೊದಲೇ ಅದಕ್ಕೆ ನಾಮಕರಣ ಆಗಿಹೋಗಿತ್ತು!

ಈ ನಡುವೆ 1884ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಎಂಬ ಯುವಕ ಉಪ್ಸಾಲ ವಿಶ್ವವಿದ್ಯಾಲಯಕ್ಕೆ ಒಂದು ಪ್ರೌಢಪ್ರಬಂಧ ಒಪ್ಪಿಸಿದ. ಪರೀಕ್ಷಕರು ಮೆಚ್ಚಲಿಲ್ಲ, ಕೆಳದರ್ಜೆ ಕೊಟ್ಟು ಕಳಿಸಿದರು. ಆ ಕೆಲಸದಿಂದ ಬೆಳೆದ ವಾದ ಇಷ್ಟೇ: ಉಪ್ಪು ನೀರಿನಲ್ಲಿ ಕರಗಿದಾಗ, ವಿದ್ಯುತ್ ಹರಿಸಲಿ ಬಿಡಲಿ, ಅಯಾನುಗಳು ಬಿಡಿಬಿಡಿಯಾಗಿ ಅಲ್ಲಿ ಇದ್ದೇ ಇರುತ್ತವೆ, ವಿದ್ಯುತ್ತನ್ನು ಹೊತ್ತೊಯ್ಯುವುದು ಅವೇ. ಅದೇ ವಾದಕ್ಕೆ 1903ರಲ್ಲಿ ಅವನಿಗೆ ರಸಾಯನವಿಜ್ಞಾನದ ನೊಬೆಲ್ ಬಹುಮಾನ ಬಂತು. ಅಂಕ ಕಡಿಮೆ ಬಂದ ಮಕ್ಕಳೂ ಅವರ ತಂದೆತಾಯಿಗಳೂ ಇದನ್ನು ನೆನಪಿಡಬಹುದು.

ತಂತಿಯಲ್ಲಿ ಸಾಗುವುದು ಎಲೆಕ್ಟ್ರಾನ್, ನೀರಿನಲ್ಲಿ ಸಾಗುವುದು ಅಯಾನು. ಅಯಾನುಗಳೇ ಇಲ್ಲದ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರ ಕಡಿಮೆ. ಯುವಕ ಸೀಸೆಯಲ್ಲಿ ತಂದಿದ್ದ ನೀರಿನಿಂದ ಅಯಾನುಗಳನ್ನು ಬಹುಪಾಲು ತೆಗೆಯಲಾಗಿತ್ತು. ವಿದ್ಯುತ್ ಹರಿಯಲಿಲ್ಲ, ಕಡ್ಡಿಯೂ ಕರಗಲಿಲ್ಲ. ಕೊಳವೆಬಾವಿಯ ನೀರಿನಲ್ಲಿ ಅಯಾನುಗಳು ಧಾರಾಳ. ವಿದ್ಯುತ್ ಸರಾಗವಾಗಿ ಹರಿಯಿತು. ಬ್ಯಾಟರಿಯ ಧನ ತುದಿಗೆ ಸೇರಿದಂತಿದ್ದ ಕಬ್ಬಿಣದ ಕಡ್ಡಿಯ ಪರಮಾಣುಗಳು ತಲಾ ಎರಡು ಎಲೆಕ್ಟ್ರಾನನ್ನು ತಂತಿಗೆ ಒಪ್ಪಿಸಿ, ಅಯಾನುಗಳಾಗಿ ನೀರಿಗಿಳಿದವು. ಎದುರಿನ ಕಡ್ಡಿಯಲ್ಲಿ ನೀರು ಎಲೆಕ್ಟ್ರಾನನ್ನು ಪಡೆದು ಜಲಜನಕದ ಗುಳ್ಳೆಗಳನ್ನು ಬಿಟ್ಟಿತು, ಹೈಡ್ರಾಕ್ಸೈಡ್ ಎಂಬ ಋಣ ಅಯಾನುಗಳು ಹುಟ್ಟಿದವು. ಎರಡೂ ಕೂಡಿದಾಗ ಹಸಿರು ಛಾಯೆಯ ಗಸಿ. ನೀರಿನಲ್ಲಿ ಕರಗಿದ್ದ ಆಮ್ಲಜನಕ ತಗಲಿ ಅದು ತುಕ್ಕಿನ ಕಂದು ಬಣ್ಣಕ್ಕೆ ತಿರುಗಿತು.

ಅರ್ಧ ಆಂಪಿಯರ್ ವಿದ್ಯುತ್ ಒಂದು ನಿಮಿಷ ಹರಿದರೆ ಸುಮಾರು 9 ಮಿಲಿಗ್ರಾಂ ಕಬ್ಬಿಣ ಹೀಗೆ ಕರಗುತ್ತದೆ. ಒಂದು ಲೋಟ ನೀರನ್ನು ಬಗ್ಗಡ ಮಾಡಲು ಅಷ್ಟು ಸಾಕು. ಅಂದಮೇಲೆ ಆ ಕೊಳೆ ನೀರಿನಲ್ಲಿ ಇದ್ದದ್ದಲ್ಲ. ಕಡ್ಡಿಯಿಂದ ಬಂದದ್ದು!

ಇದನ್ನು ನಾನು ಹುಡುಗಿಗೆ ವಿವರಿಸಿದೆ. ಅವಳು ಅಡುಗೆಮನೆಗೆ ಓಡಿ ಉಪ್ಪಿನ ಡಬ್ಬಿ ತಂದಳು. ‘ಅಣ್ಣ, ನಿಮ್ಮ ಒಳ್ಳೆ ನೀರಿಗೆ ಒಂದು ಚಿಟಿಕೆ ಇದನ್ನ ಹಾಕಿ ಸ್ವಿಚ್ ಹಾಕ್ತೀರಾ?’ ಎಂದು ಯುವಕನನ್ನು ಕೇಳಿದಳು. ಅವನು ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಹಾಕಿದ. ನಿಮಿಷದೊಳಗೆ ಶುದ್ಧ ನೀರೂ ಪಕ್ಕದ ಲೋಟದಂತೆಯೇ ಕಂದಾಯಿತು. ‘ಹೀಗೇ ಮಾಡಿ ತೋರಿಸಬೇಕು ಅಂತ ನಮಗೆ ಹೇಳಿಕೊಟ್ಟಿದ್ದಾರೆ ಸಾರ್. ಇದು ಯಾಕೆ ಆಗುತ್ತೆ ಅಂತ ಹೇಳಿಲ್ಲ’ ಎಂದ ಪಾಪ. ತಂಗಿ ಅವನಿಗೂ ಒಂದು ಲೋಟ ಕಾಫಿ ಕೊಟ್ಟಳು, ಅದೇ ಕೊಳವೆಬಾವಿಯ ನೀರಿನದು.

ಕಾಣದಿರುವುದೇ ಕಷ್ಟ

ಕಥೆ ಇಲ್ಲಿಗೆ ಮುಗಿದಿದ್ದರೆ ನೆಮ್ಮದಿಯಾಗಿರುತ್ತಿತ್ತು. ‘ಹಾಗಾದ್ರೆ ನಮ್ಮ ನೀರು ಚೆನ್ನಾಗಿದೆ ಅಂತಾಯ್ತಲ್ಲ ಅಣ್ಣ?’ ಎಂದಳು ತಂಗಿ. ಹಾಗೂ ಆಗಲಿಲ್ಲ. ಲೋಟದ ಆಟ ಸುಳ್ಳೆಂದು ತಿಳಿದ ಮಾತ್ರಕ್ಕೆ ನೀರು ಒಳ್ಳೆಯದೆಂದು ಸಾಬೀತಾಗುವುದಿಲ್ಲ. ಕಂಡ ಕೊಳೆ ನೀರಿನದ್ದಲ್ಲ. ಆದರೆ ನೀರಿನಲ್ಲಿ ನಿಜವಾಗಿ ಇರುವುದು ಕಣ್ಣಿಗೆ ಕಾಣುವುದಿಲ್ಲ.

ಗುಂಡ್ಲುಪೇಟೆ ಸೀಮೆಯ ನೆಲದಡಿ ಗಟ್ಟಿ ಶಿಲೆ. ಕೊಳವೆಬಾವಿಯ ನೀರು ಬರುವುದು ಆ ಬಂಡೆಗಳ ಬಿರುಕುಗಳಿಂದ. ವರ್ಷಗಟ್ಟಲೆ ಬಂಡೆಯನ್ನು ತೊಳೆಯುತ್ತ ಸಾಗುವ ನೀರು ಅದರಲ್ಲಿನ ಅಯಾನುಗಳನ್ನು ಒಂದಿಷ್ಟು ತನ್ನೊಡನೆ ಒಯ್ಯುತ್ತದೆ. ನೀರಿನ ಅಣುವಿನ ಒಂದು ಬದಿ ತುಸು ಋಣ, ಇನ್ನೊಂದು ಬದಿ ತುಸು ಧನ. ಆದ್ದರಿಂದ ಅದು ಎರಡೂ ಬಗೆಯ ಅಯಾನುಗಳನ್ನು ಸುತ್ತುವರಿದು ಬಂಡೆಯಿಂದ ಬಿಡಿಸಿಕೊಳ್ಳಬಲ್ಲದು.

ಹೀಗೆ ಬರುವ ಅಯಾನುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಖ್ಯವಾದವು. ನೀರನ್ನು ಗಡಸು ಮಾಡುವವು ಇವೇ. ಕಾಯಿಸಿದಾಗ ನೀರಿನಲ್ಲಿನ ಬೈಕಾರ್ಬನೇಟ್ ಅಯಾನುಗಳು ಒಡೆದು, ಕ್ಯಾಲ್ಸಿಯಂ ಜೊತೆ ಸೇರಿ ಹಂಡೆಯ ತಳದಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುತ್ತದೆ. ಅದನ್ನು ಕಂಡು ಹೆದರುವವರೇ ಹೆಚ್ಚು. ಸೋಪು ನೊರೆ ಬಾರದು, ಬೇಳೆ ಬೇಗ ಬೇಯದು, ನಿಜ. ಆದರೆ ಕ್ಯಾಲ್ಸಿಯಂ ನಮ್ಮ ಮೂಳೆಗೂ ಬೇಕಾದದ್ದೇ.

ಚಿಂತೆ ಮಾಡಬೇಕಾದದ್ದು ಫ್ಲೋರೈಡ್ ಬಗ್ಗೆ. ಅದು ಬಣ್ಣವಿಲ್ಲದ, ರುಚಿಯಿಲ್ಲದ, ಹೊಪ್ಪಳಿಕೆ ಕಟ್ಟದ ಅಯಾನು. ಕೇಂದ್ರ ಅಂತರ್ಜಲ ಮಂಡಳಿ ಗುರುತಿಸಿರುವ, ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಮಿತಿ ಮೀರಿರುವ ಜಿಲ್ಲೆಗಳಲ್ಲಿ ಚಾಮರಾಜನಗರವೂ ಒಂದು. ಪಾವಗಡ, ಬಾಗೇಪಲ್ಲಿಯ ಕಡೆಯವರಿಗಂತೂ ಇದು ಹಳೆಯ ಸಂಕಟ.

ಫ್ಲೋರಿನ್ ಪರಮಾಣುವಿಗೆ 9 ಎಲೆಕ್ಟ್ರಾನ್, ಹೊರಕವಚದಲ್ಲಿ ಏಳು. ಇನ್ನೊಂದಕ್ಕಾಗಿ ಅದು ಎಲ್ಲರ ಮೇಲೂ ಬೀಳುತ್ತದೆ. ಫ್ಲೋರಿನ್ ಅನಿಲವನ್ನು ಬೇರ್ಪಡಿಸಹೋದ ಹಲವರು ಗಾಯಗೊಂಡರು, ಕೆಲವರು ಪ್ರಾಣ ಕಳೆದುಕೊಂಡರು. ಕೊನೆಗೆ 1886ರಲ್ಲಿ ಅದನ್ನು ಸಾಧಿಸಿದ ಫ್ರಾನ್ಸಿನ ಆನ್ರಿ ಮ್ವಾಸಾನ್‌ನಿಗೆ 1906ರಲ್ಲಿ ನೊಬೆಲ್ ಬಂತು. ಆದರೆ ಒಂದು ಎಲೆಕ್ಟ್ರಾನ್ ಸಿಕ್ಕಿದ್ದೇ ತಡ, ಆ ಉಗ್ರ ಅನಿಲ ಶಾಂತವಾದ ಫ್ಲೋರೈಡ್ ಅಯಾನಾಗುತ್ತದೆ. ಬಂಡೆಯಲ್ಲೂ ನೀರಿನಲ್ಲೂ ಹಲ್ಲುಜ್ಜುವ ಪೇಸ್ಟಿನಲ್ಲೂ ಇರುವುದು ಈ ಶಾಂತ ರೂಪವೇ.

ಶಾಂತವಾಗಿದ್ದರೂ ಅದು ನಮ್ಮ ಹಲ್ಲಿನೊಳಗೆ ಹೇಗೆ ನುಸುಳುತ್ತದೆ ನೋಡಿ. ಹಲ್ಲಿನ ಹೊರಪದರವಾದ ಎನಾಮಲ್ ಕೂಡ ಅಯಾನುಗಳ ಕಟ್ಟಡ. ಕ್ಯಾಲ್ಸಿಯಂ, ಫಾಸ್ಫೇಟ್, ಜೊತೆಗೆ ಹೈಡ್ರಾಕ್ಸೈಡ್. ಹೈಡ್ರಾಕ್ಸೈಡ್ ಅಯಾನಿಗೂ ಫ್ಲೋರೈಡ್ ಅಯಾನಿಗೂ ಒಂದೇ ಋಣ ಆವೇಶ, ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಸಲೀಸಾಗಿ ಕೂರುತ್ತದೆ. ಅಲ್ಪಪ್ರಮಾಣದಲ್ಲಿ ಇದರಿಂದ ಹಲ್ಲು ಗಟ್ಟಿಯಾಗುತ್ತದೆ. ಆದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ, ಫ್ಲೋರೈಡ್ ಹೆಚ್ಚಾದರೆ ಎನಾಮಲ್ ಸರಿಯಾಗಿ ಕಟ್ಟುವುದಿಲ್ಲ. ಆಮೇಲೆ ಬರುವ ಶಾಶ್ವತ ಹಲ್ಲಿನಲ್ಲಿ ಬಿಳಿ ಮಚ್ಚೆ, ಕಂದು ಪಟ್ಟೆ. ಎಷ್ಟು ಉಜ್ಜಿದರೂ ಹೋಗದು. ವರ್ಷಾನುಗಟ್ಟಲೆ ಇನ್ನೂ ಹೆಚ್ಚಿನ ಪ್ರಮಾಣ ಸೇರಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಎಷ್ಟೋ ಮಕ್ಕಳು ‘ಹಲ್ಲುಜ್ಜಲ್ಲ’ ಎಂಬ ಬೈಗುಳವನ್ನು ಸುಮ್ಮಸುಮ್ಮನೆ ತಿಂದಿದ್ದಾರೆ. ತಪ್ಪು ಮಕ್ಕಳದ್ದಲ್ಲ, ನೀರಿನದ್ದು.

ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದಾದ ಪ್ರಮಾಣ. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎನ್ನುತ್ತದೆ ಭಾರತೀಯ ಮಾನಕ. ಒಂದೂವರೆ ಮಿಲಿಗ್ರಾಂ ಎಂದರೆ ಅಲ್ಪವೆನಿಸಬಹುದು. ಅದರಲ್ಲಿರುವ ಅಯಾನುಗಳ ಸಂಖ್ಯೆ ಸುಮಾರು ನಾಲ್ಕೂಮುಕ್ಕಾಲು ಲಕ್ಷ ಕೋಟಿ ಕೋಟಿ!

ಕಾಯಿಸಿದರೆ ಹೋಗುತ್ತದೆಯೇ?

ಹೋಗುವುದಿಲ್ಲ. ಕಾಯಿಸಿದರೆ ಕಾಯಿಲೆಯ ಜೀವಾಣುಗಳು ಸಾಯುತ್ತವೆ, ಆದ್ದರಿಂದ ಅಜ್ಜಿ ಮಾಡುತ್ತಿದ್ದುದು ಒಳ್ಳೆಯ ಕೆಲಸವೇ. ಆದರೆ ಅಯಾನು ಜೀವಿಯಲ್ಲ, ಸಾಯುವುದಿಲ್ಲ. ಆವಿಯಾಗಿ ಹಾರಿಯೂ ಹೋಗದು. ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ಇರುವ ಹತ್ತು ಲೀಟರ್ ನೀರನ್ನು ಕುದಿಸಿ ಎಂಟು ಲೀಟರಿಗೆ ಇಳಿಸಿದರೆ, ಇಪ್ಪತ್ತು ಮಿಲಿಗ್ರಾಂ ಫ್ಲೋರೈಡ್ ಹೆಚ್ಚುಕಡಿಮೆ ಅಷ್ಟೂ ಎಂಟು ಲೀಟರಿನಲ್ಲೇ ಉಳಿಯುತ್ತದೆ. ಅಂದರೆ ಲೀಟರಿಗೆ 2.5 ಮಿಲಿಗ್ರಾಂ! ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರಿನಲ್ಲಿ ಇಳಿಸಿದರೂ ಪ್ರಯೋಜನವಿಲ್ಲ. ಕ್ಯಾಂಡಲಿನ ಸೂಕ್ಷ್ಮ ರಂಧ್ರಗಳಿಗಿಂತಲೂ ಅಯಾನು ನೂರಾರು ಪಟ್ಟು ಕಿರಿದು.

ಮಾರಾಟಗಾರರು ನೀರಿಗದ್ದಿ ತೋರಿಸುವ ‘ಟಿಡಿಎಸ್’ ಮೀಟರನ್ನೂ ಇದಕ್ಕೆ ನಂಬುವಂತಿಲ್ಲ. ಅದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆದು, ಅದರಿಂದ ಕರಗಿರುವ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ. ಯಾವ ಅಯಾನು ಎಷ್ಟಿದೆ ಎಂದು ಅದಕ್ಕೆ ಗೊತ್ತಿಲ್ಲ. ಸಂತೆಯಲ್ಲಿ ಎಷ್ಟು ಜನ ಎಂದು ಎಣಿಸಬಹುದು; ಅವರಲ್ಲಿ ಜೇಬುಗಳ್ಳ ಯಾರು ಎಂದು ಎಣಿಕೆಯಿಂದ ತಿಳಿಯದು.

ಫ್ಲೋರೈಡನ್ನೇ ಅಳೆಯುವ ಪರೀಕ್ಷೆಗಳಿವೆ. ಒಂದರಲ್ಲಿ ಜಿರ್ಕೋನಿಯಂ ಸೇರಿದ ಬಣ್ಣದ ದ್ರಾವಣವನ್ನು ನೀರಿಗೆ ಹಾಕುತ್ತಾರೆ. ಫ್ಲೋರೈಡ್ ಅಯಾನು ಬಣ್ಣದಿಂದ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುತ್ತದೆ, ಬಣ್ಣ ಮಾಸುತ್ತದೆ. ಹೆಚ್ಚು ಮಾಸಿದಷ್ಟೂ ಫ್ಲೋರೈಡ್ ಹೆಚ್ಚು. 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಟ್ಟಿದ್ದಾರೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳೂ ಇವೆ. ಪಂಚಾಯಿತಿಯಲ್ಲಿ ವಿಚಾರಿಸಿ, ನಿಮ್ಮ ಬಾವಿಯ ನೀರನ್ನೇ ಪರೀಕ್ಷೆ ಮಾಡಿಸಬೇಕು. ಪಕ್ಕದ ಮನೆಯ ಬಾವಿಯ ಫಲಿತಾಂಶ ನಿಮಗೆ ಹೊಂದದು. ಬಂಡೆಯ ಬಿರುಕು ಬೇರೆ, ನೀರೂ ಬೇರೆ.

ಫ್ಲೋರೈಡ್ ಹೆಚ್ಚಿದೆ ಎಂದು ತಿಳಿದರೆ ದಾರಿಗಳಿವೆ. ನದಿಯ ನೀರು ಬರುತ್ತಿದ್ದರೆ ಕುಡಿಯಲು, ಅಡುಗೆಗೆ ಅದನ್ನೇ ಬಳಸುವುದು ಎಲ್ಲಕ್ಕಿಂತ ಸುಲಭ. ಮಳೆನೀರನ್ನು ಶುಚಿಯಾಗಿ ಹಿಡಿದಿಡಬಹುದು. ಊರಿನ ಶುದ್ಧ ನೀರಿನ ಘಟಕದ ನೀರನ್ನೂ ಬಳಸಬಹುದು. ಆ ಯುವಕ ಮಾರುತ್ತಿದ್ದಂಥ ಯಂತ್ರವೂ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ. ಯಂತ್ರ ಕೆಟ್ಟದ್ದಲ್ಲ, ಹೆದರಿಸಿದ ರೀತಿ ಸರಿಯಲ್ಲ. ಬೇಕೋ ಬೇಡವೋ ಎಂದು ಹೇಳಬೇಕಾದದ್ದು ಪರೀಕ್ಷೆಯ ಚೀಟಿ, ಕಂದು ಲೋಟವಲ್ಲ.

ಇನ್ನೊಂದು ದಾರಿ ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನ. ನೀರಿಗೆ ಲೆಕ್ಕ ಹಾಕಿ ಆಲಂ ಮತ್ತು ಸುಣ್ಣ ಬೆರೆಸಿದರೆ ಅಲ್ಯೂಮಿನಿಯಂ ಅಯಾನುಗಳಿಂದ ಮೃದುವಾದ ಗಸಿ ಹುಟ್ಟುತ್ತದೆ. ಅದು ಫ್ಲೋರೈಡನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಪ್ರಮಾಣ ತಪ್ಪಬಾರದು, ಆದ್ದರಿಂದ ಬಲ್ಲವರೇ ಮಾಡಬೇಕು. ಆಲಂ ಬದಲು ಎರಡು ಅಲ್ಯೂಮಿನಿಯಂ ಪಟ್ಟಿಗಳನ್ನು ನೀರಿಗಿಳಿಸಿ ವಿದ್ಯುತ್ ಹರಿಸಿದರೂ ಇದೇ ಗಸಿ ಬರುತ್ತದೆ. ಹಾಗೆ ಫ್ಲೋರೈಡ್ ತೆಗೆಯುವ ಘಟಕಗಳೂ ಇವೆ. ನೋಡಿದಿರಾ? ಜಗಲಿಯ ಮೇಲೆ ನಡೆದ ಆಟವೇ ಇದು. ಅಲ್ಲಿ ಕಬ್ಬಿಣದ ಪರಮಾಣು ಅಯಾನಾಗಿ ಜನರನ್ನು ಹೆದರಿಸಿತು. ಇಲ್ಲಿ ಅಲ್ಯೂಮಿನಿಯಂ ಪರಮಾಣು ಅಯಾನಾಗಿ ಮಕ್ಕಳ ಹಲ್ಲು ಉಳಿಸುತ್ತದೆ.

ಮನೆಯಲ್ಲೇ ಮಾಡಿ ನೋಡಿ

ಇದನ್ನು ನೀವೂ ಮಾಡಿ ನೋಡಬಹುದು. ಗೋಡೆಯ ಪ್ಲಗ್ಗಿನ ವಿದ್ಯುತ್ ಮಾತ್ರ ಖಂಡಿತ ಬೇಡ. 9 ವೋಲ್ಟಿನ ಒಂದು ಬ್ಯಾಟರಿ, ಎರಡು ತುಂಡು ತಂತಿ, ಸತುವಿನ ಲೇಪವಿಲ್ಲದ ಎರಡು ಕಬ್ಬಿಣದ ಮೊಳೆ, ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು. ಮೊಳೆಗಳು ಒಂದಕ್ಕೊಂದು ತಗಲದಂತೆ ನೀರಿನಲ್ಲಿ ನಿಲ್ಲಿಸಿ, ತಂತಿಗಳಿಂದ ಬ್ಯಾಟರಿಗೆ ಜೋಡಿಸಿ. ಗಾಳಿಯಾಡುವ ಕಡೆ, ದೊಡ್ಡವರ ಎದುರಿಗೆ, ನಾಲ್ಕೈದು ನಿಮಿಷ ಮಾತ್ರ ಮಾಡಿ. ಯಾವ ಮೊಳೆಯ ಸುತ್ತ ಗುಳ್ಳೆ ಏಳುತ್ತದೆ, ಯಾವ ಮೊಳೆ ಸವೆಯುತ್ತದೆ ಎಂದು ಗಮನಿಸಿ. ಆಮೇಲೆ ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿ ನೋಡಿ. ಮುಗಿದ ಮೇಲೆ ನೀರನ್ನು ಚೆಲ್ಲಿಬಿಡಿ, ಕುಡಿಯಬಾರದು.

ನಾನು ಮದ್ದೂರಿನಿಂದ ಹೊರಡುವಾಗ ತಂಗಿಯ ಮಗಳು ಒಂದು ಸೀಸೆಯನ್ನು ಚೆನ್ನಾಗಿ ತೊಳೆದು ಕೊಳವೆಬಾವಿಯ ನೀರು ತುಂಬುತ್ತಿದ್ದಳು. ಅವಳ ತಮ್ಮನಿಗೆ ಆರು ವರ್ಷ. ಮುಂದಿನ ಹಾಲುಹಲ್ಲು ಆಗತಾನೇ ಬಿದ್ದಿತ್ತು. ‘ನಾಳೆ ಪಂಚಾಯಿತಿಗೆ ಕೊಟ್ಟು ಬರ್ತೀನಿ ಮಾವ. ಇವನಿಗೆ ಹೊಸ ಹಲ್ಲು ಬರೋದು ಇನ್ಮೇಲೆ ಅಲ್ವಾ?’ ಎಂದಳು.